ಬೇರಕ್ಕನ ಅಂಗಳಕ್ಕೆ ಹಾಸಿದ ಹುಲ್ಲು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವಳಿಗೂ ಇತ್ತು. ಅದು ಈಗ ಯಾರಿಗೂ ನೆನಪಿಲ್ಲ. ಕೊನೆಕೊನೆಗೆ ಅವಳಿಗೂ ನೆನಪಿರಲಿಲ್ಲ. ಕಳೆಯನ್ನು ಬೇರುಸಮೇತ ಕೀಳುವವಳು, ಹಾಗಾಗಿ ಬೇರಕ್ಕ. ಮನೆ ಕಟ್ಟಿದವನನ್ನು ಜನ ನೆನೆಯುತ್ತಾರೆ, ಗೋಡೆಗೆ ಬಣ್ಣ ಬಳಿದವನನ್ನೂ ಒಮ್ಮೊಮ್ಮೆ ನೆನೆಯುತ್ತಾರೆ. ಅಂಗಳದ ಕಳೆ ಕಿತ್ತವಳನ್ನು ಯಾವ ಮಹಾರಾಯ ನೆನೆದಾನು? ಅವಳ ಕೆಲಸ ಚೆನ್ನಾಗಿ ಆಗಿದೆ ಅಂದರೆ ಅಲ್ಲಿ ಏನೂ ಕಾಣಬಾರದು. ಹಾಗೆ ಏನೂ ಕಾಣದಂತೆ ದುಡಿದು ಹೋದವಳ ಕಥೆ ಇದು. ಅವಳಿಗೆ ಒಳ್ಳೆಯದು ಮಾಡಲು ಹೊರಟ ತಮ್ಮನ ಕಥೆಯೂ ಹೌದು.

ತಮ್ಮ ಹಾಸುಗಾರ. ನಾಯಿ ಸಾಕಿದವರ ಮನೆಯಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸುವುದು ಅವನ ಕಸುಬು. ಕೇಳಿದವರು ನಗುತ್ತಾರೆ, ‘ಹುಲ್ಲಿಗೂ ಈ ಗತಿ ಬಂತಾ?’ ಅನ್ನುತ್ತಾರೆ. ನಗಲಿ ಬಿಡಿ. ನಾಯಿ ಸಾಕಿದವರಿಗೇ ಗೊತ್ತು ಅದರ ಪಾಡು. ನಿಜವಾದ ಹುಲ್ಲು ಬೆಳೆಸಿದರೆ ನಾಯಿಯ ಉಚ್ಚೆಗೆ ಅಲ್ಲಲ್ಲಿ ಸುಟ್ಟು ಹಳದಿಯಾಗುತ್ತದೆ. ಬರೀ ಮಣ್ಣು ಬಿಟ್ಟರೆ ಕೆರೆದು ಕೆರೆದು ಗುಂಡಿ ತೋಡುತ್ತದೆ, ಆ ಕೆಸರುಗಾಲಲ್ಲೇ ಬಂದು ಹಾಸಿಗೆ ಹತ್ತುತ್ತದೆ. ಅದಕ್ಕೆ ಈ ಹುಲ್ಲು. ಕೆದರಿದರೂ ಕಿತ್ತು ಬರುವುದಿಲ್ಲ, ಪೈಪಿನಿಂದ ನೀರು ಬಿಟ್ಟರೆ ಶುದ್ಧ.

ಹಾಸುವುದೆಂದರೆ ಚಾಪೆ ಬಿಚ್ಚಿದಂತೆ ಅಂದುಕೊಂಡವರ ಮೇಲೆ ಅವನು ಸಿಟ್ಟಾಗುತ್ತಿದ್ದ. ಮೊದಲು ಅಂಗಳದ ಮೇಲ್ಮಣ್ಣು ತೆಗೆಯಬೇಕು. ಕಳೆಯನ್ನೆಲ್ಲ ಬೇರುಸಮೇತ ಕೀಳಬೇಕು. ಕಳೆ ಮತ್ತೆ ಮೇಲೇಳದಂತೆ ಮಣ್ಣಿನ ಮೇಲೆ ಕಪ್ಪು ಬಟ್ಟೆ ಹಾಸಬೇಕು. ನೀರು ಇಳಿಯುತ್ತದೆ, ಚಿಗುರು ಏಳುವುದಿಲ್ಲ, ಅಂಥ ಬಟ್ಟೆ. ಅದರ ಮೇಲೆ ಸಣ್ಣ ಜಲ್ಲಿ, ಕಲ್ಲುಪುಡಿ ಹರಡಿ, ನೀರು ಚಿಮುಕಿಸಿ, ಯಂತ್ರದಿಂದ ಕುಟ್ಟಿ ಗಟ್ಟಿ ಮಾಡಬೇಕು. ಹುಲ್ಲಿನ ಸುರುಳಿ ಬರುವುದು ಎಲ್ಲಕ್ಕಿಂತ ಕೊನೆಗೆ.

ಇದರಲ್ಲಿ ಕಳೆಯ ಪಾಲು ಬೇರಕ್ಕನದು. ಚಿಕ್ಕಂದಿನಲ್ಲೇ ತಾಯಿ ಹೋದಳು, ತಂದೆ ಇದ್ದೂ ಇಲ್ಲದ ಹಾಗೆ. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಸಸಿ ಮಾರುವ ತೋಟವೊಂದರಲ್ಲಿ ಕುಂಡಗಳ ಕಳೆ ಕೀಳಲು ಸೇರಿದ್ದಳು. ಅಲ್ಲಿಂದ ಅವಳ ಬೆರಳಿಗೆ ಹಿಡಿದ ಚಾಳಿ ಬಿಡಲೇ ಇಲ್ಲ. ಮದುವೆಯೂ ಆಯಿತು ಅನ್ನಿ. ಗಂಡ ಅನ್ನಿಸಿಕೊಂಡವನು ಒಂದು ದಿನ ಸಿಗರೇಟು ತರುತ್ತೇನೆಂದು ಹೋದವನು ಸಿಗರೇಟನ್ನೂ ತರಲಿಲ್ಲ, ತಾನೂ ಬರಲಿಲ್ಲ. ಯಾರಾದರೂ ಅಯ್ಯೋ ಪಾಪ ಅಂದರೆ ಬೇರಕ್ಕ, “ಬೇರೇ ಇಲ್ಲದ ಗಿಡ ಅದು, ಗಾಳಿಗೆ ಹೋಯ್ತು. ಕೀಳೋ ಕಷ್ಟ ತಪ್ಪಿತು ಬಿಡಿ” ಅನ್ನುತ್ತಿದ್ದಳು. ಅಳುತ್ತಿದ್ದಳೋ ಇಲ್ಲವೋ, ಕಂಡವರಿಲ್ಲ.

ತಮ್ಮ ಹಾಸುವ ಕಸುಬು ಹಿಡಿದಾಗ ಅವಳೂ ಗಾಡಿ ಹತ್ತಿದಳು. ಕೈಯಲ್ಲಿ ಒಂದು ಮೊಂಡು ಚಾಕು, ಒಂದು ಹಳೆಯ ಗೋಣಿಚೀಲ. ಬೇರೆಯವರ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಳೆಯ ಬುಡಕ್ಕೆ ಹೆಬ್ಬೆರಳು ತೋರುಬೆರಳು ಹಾಕಿ, ಸ್ವಲ್ಪ ತಿರುಚಿ, ಸ್ವಲ್ಪ ಕಾದು, ಆಮೇಲೆ ಎಳೆಯುತ್ತಿದ್ದಳು. ಬೇರು ತುಂಡಾಗದೆ ಇಡಿಯಾಗಿ ಮೇಲೆ ಬಂದರೆ ಒಂದೇ ಮಾತು: “ಬಂತು.” ಮತ್ತೊಂದು. “ಬಂತು.” ತುಂಡಾದರೆ ಮಾತಿಲ್ಲ, ಚಾಕು ಹಾಕಿ ಕೆದಕಿ ಉಳಿದದ್ದನ್ನು ತೆಗೆದ ಮೇಲೆಯೇ ಆ ಮಾತು. ಕುಟ್ಟುವ ಯಂತ್ರ ನಡೆಸುವವನು ಅವಳನ್ನು ಅಣಕಿಸುತ್ತಿದ್ದ. “ಬೇರಕ್ಕಾ, ನಿಮ್ಮ ಬಾಯಲ್ಲಿ ಬೇರೆ ಮಾತೇ ಬರಲ್ವಾ?” ಅಂದರೆ, “ನಿನ್ನ ಯಂತ್ರಕ್ಕೆ ಬರೋ ಮಾತು ದಢದಢ ಒಂದೇ. ಅದಕ್ಕಿಂತ ನಾನು ವಾಸಿ” ಅಂತ ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಪ್ರಸಂಗ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಹಾಸುಗಾರ ಕಸುಬಿಗೆ ಹೊಸಬ. ಮೂರು ನಾಯಿ ಸಾಕಿದ ಒಬ್ಬ ಮೇಡಂ ಮನೆಯಲ್ಲಿ ಕಪ್ಪು ಬಟ್ಟೆಯನ್ನು ಜಲ್ಲಿಯ ಕೆಳಗೆ ಹಾಕುವ ಬದಲು ಜಲ್ಲಿಯ ಮೇಲೆ, ಹುಲ್ಲಿಗೆ ತಾಗಿದ ಹಾಗೆ ಹಾಕಿಬಿಟ್ಟ. ನೋಡಲು ನೀಟು, ಕೆಲಸ ಹಗುರ. ಸ್ವಲ್ಪ ದಿನಕ್ಕೆ ಆ ಮನೆಯಿಂದ ಕರೆ ಬಂತು: ಅಂಗಳಕ್ಕೆ ಕಾಲಿಡಲಾಗದಂಥ ನಾತ. ಕೂದಲು, ಕೊಳೆ ಕಟ್ಟಿಕೊಂಡ ಬಟ್ಟೆಯಲ್ಲಿ ನಾಯಿಯ ಉಚ್ಚೆ ಜಲ್ಲಿಗೆ ಇಳಿಯದೆ ನಿಂತು ಕೊಳೆಯುತ್ತಿತ್ತು. ಬೇರಕ್ಕ ಮೇಡಂ ಎದುರಿಗೆ ಏನೂ ಅನ್ನಲಿಲ್ಲ. ಗಾಡಿಯಲ್ಲಿ ಕೂತ ಮೇಲೆ ತಮ್ಮನ ಕಿವಿ ಹಿಂಡಿದಳು, ಮೀಸೆ ಬಂದ ತಮ್ಮನ ಕಿವಿ.

“ಬಟ್ಟೆ ಮಣ್ಣಿಗೆ ಕಣೋ, ಹುಲ್ಲಿಗಲ್ಲ. ಕೆಳಗೆ ಹಾಕು. ಮೇಲೆ ಬಿದ್ದದ್ದು ಇಳೀಬೇಕು. ಬೇಡ ಅನ್ನಿಸಿದ್ದಕ್ಕೆಲ್ಲ ಬಟ್ಟೆ ಮುಚ್ಚಿ ಕೂತರೆ ನಾತ ಹೊಡೆಯುತ್ತೆ.”

“ಕಳೆ ಬರಬಾರದು ಅಂತ ಹಾಕಿದ್ದು ಅಕ್ಕ.”

“ಕಳೆಗೆ ನಾನಿದ್ದೀನಲ್ಲ. ಬಟ್ಟೆ ನಂಬಬೇಡ, ಬೆರಳು ನಂಬು.”

ಅವಳು ಹಾಗಂದದ್ದು ಜೇಕಿನ ಸಲುವಾಗಿ. ಉಳಿದ ಕಳೆಗಳನ್ನು ಬಟ್ಟೆ ತಡೆಯುತ್ತದೆ, ಜೇಕು ಜಗ್ಗುವುದಿಲ್ಲ. ಮಣ್ಣಿನೊಳಗೆ ಕಡಲೆಕಾಳಿನಂಥ ಗೆಡ್ಡೆ, ಅದರಿಂದ ಸೂಜಿಯಂಥ ಮೊಳಕೆ, ಬಟ್ಟೆಯನ್ನೇ ಚುಚ್ಚಿ ಮೇಲೇಳುತ್ತದೆ. ಅದರ ಒಂದೊಂದು ಗೆಡ್ಡೆಯನ್ನೂ ಹುಡುಕಿ ತೆಗೆಯುವ ತಾಳ್ಮೆ ಆ ತಂಡದಲ್ಲಿ ಬೇರಕ್ಕನಿಗೆ ಬಿಟ್ಟರೆ ಯಾರಿಗೂ ಇರಲಿಲ್ಲ.

ಹೀಗೇ ಕಾಲ ಹೋಯಿತು. ಹಾಸುಗಾರನಿಗೆ ಮದುವೆಯಾಯಿತು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು, ಗಂಡನ ಅಕ್ಕನನ್ನು ತಾನೂ ಅಕ್ಕ ಅಂತಲೇ ಕರೆಯುತ್ತಿದ್ದಳು. ಇಬ್ಬರು ಹೆಂಗಸರೂ ಸೇರಿಕೊಂಡು ಹಾಸುಗಾರನನ್ನು ಗೋಳು ಹುಯ್ದುಕೊಳ್ಳುತ್ತಿದ್ದರು. ಅವನು ಸದಾ ಮೊಣಕಾಲ ಮೇಲೆ ಕೆಲಸ ಮಾಡಿ ಮಾಡಿ ಕಾಲು ಎಳೆಯುತ್ತಾ ಮನೆಗೆ ಬಂದರೆ, “ನೋಡು, ನಿನ್ನ ಗಂಡ ನಾಯಿಗಳಿಗೆಲ್ಲ ಮಂಡಿಯೂರಿ ಬಂದ” ಅನ್ನುವಳು ಬೇರಕ್ಕ. ಆ ಮನೆಯಲ್ಲಿ ನಗುವಿಗೆ ಬರ ಇರಲಿಲ್ಲ.

ರೋಗ ಮೊದಲು ಕಾಣಿಸಿದ್ದು ಒಂದು ಗುಲಾಬಿ ಗಿಡದಲ್ಲಿ. ಯಾರದೋ ಅಂಗಳದ ಬದಿಯಲ್ಲಿ ಹೂಬಿಟ್ಟು ನಿಂತಿದ್ದ ಗುಲಾಬಿಯನ್ನು ಬೇರಕ್ಕ ಬುಡಸಮೇತ ಕಿತ್ತು ಕೈಯಲ್ಲಿ ಹಿಡಿದಿದ್ದಳು. ಅಂಗೈ ತುಂಬ ಮುಳ್ಳು ಗೀರಿ ರಕ್ತ. ಮುಖದಲ್ಲಿ ಮಾತ್ರ ಯಾವತ್ತಿನ ಸಮಾಧಾನ. “ಬಂತು” ಅಂದಳು. ಯಂತ್ರದವನು ನಕ್ಕ. ಹಾಸುಗಾರ ನಗಲಿಲ್ಲ. ಅವಳ ಕೈಯಿಂದ ಗಿಡ ಬಿಡಿಸಿಕೊಂಡ.

ಆಮೇಲೆ ಒಂದರ ಹಿಂದೆ ಒಂದು. ಒಲೆ ಹಚ್ಚಿ ಪಾತ್ರೆ ಇಡುವುದು ಮರೆತಳು. ದಿನಾ ಹೋಗುವ ಅಂಗಡಿಯಿಂದ ಮನೆಗೆ ದಾರಿ ತಪ್ಪಿ ಯಾರದೋ ಮೆಟ್ಟಿಲ ಮೇಲೆ ಕೂತಿದ್ದಳು. ತಮ್ಮನ ಹೆಂಡತಿಯನ್ನು ಒಂದು ದಿನ, “ಯಾರಮ್ಮ ನೀನು, ಬಟ್ಟೆ ಹೊಲಿಸೋಕೆ ಬಂದ್ಯಾ?” ಅಂದಳು. ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅವರು ಏನೇನೋ ತೋರಿಸಿ, ಏನೇನೋ ಕೇಳಿ, ಕೊನೆಗೆ ತಮ್ಮನನ್ನು ಪಕ್ಕಕ್ಕೆ ಕರೆದರು.

“ಇದು ವಾಸಿಯಾಗೋದಲ್ಲ. ಒಂದೊಂದೇ ಮರೆತು ಹೋಗುತ್ತೆ. ಹೊಸದೇನನ್ನೂ ಅವರು ಇನ್ನು ಕಲಿಯಲ್ಲ. ಆದ್ರೆ ಕೈಗೆ ಹತ್ತಿದ ಕೆಲಸ ಇದೆಯಲ್ಲ, ಅದು ಕೊನೇಗೆ ಹೋಗೋದು. ಅದನ್ನ ಮಾತ್ರ ಬಿಡಿಸಬೇಡಿ. ಅದು ಇರೋವರೆಗೆ ಅವರೂ ಸ್ವಲ್ಪ ಇರ್ತಾರೆ ಅಂದುಕೊಳ್ಳಿ.”

ಡಾಕ್ಟರು ಬಿಡಿಸಿ ಹೇಳಿದ್ದರು. ಹಾಸುಗಾರ ತಲೆಯಾಡಿಸಿ ಕೇಳಿಯೂ ಇದ್ದ. ಆಮೇಲೆ ಮಾಡಿದ್ದೇನು ಅನ್ನುವುದು ಮುಂದೆ ಬರುತ್ತದೆ.

ಕೆಲಸಕ್ಕೆ ಕರೆದೊಯ್ಯುವುದು ನಿಂತಿತು. ಮನೆಯ ಹಿಂದೆ ಅವರದೇ ಒಂದು ಅಂಗಳ. ಊರಿಗೆಲ್ಲ ಹಸಿರು ಹಾಸುವವನ ಮನೆಯಂಗಳ ಬರೀ ಮಣ್ಣು. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ. ಬೆಳಗಾದರೆ ಬೇರಕ್ಕ ಅಲ್ಲಿ ಹೋಗಿ ಕೂರುವಳು. ಊಟದ ಹೊತ್ತು ಗೊತ್ತಿಲ್ಲ, ವಾರ ಗೊತ್ತಿಲ್ಲ, ತನ್ನ ವಯಸ್ಸು ಗೊತ್ತಿಲ್ಲ. ಕಳೆ ಗೊತ್ತು. ಹೆಬ್ಬೆರಳು ತೋರುಬೆರಳು ಬುಡಕ್ಕೆ ಹೋಗುತ್ತಿದ್ದವು, ತಿರುಚುತ್ತಿದ್ದವು, ಕಾಯುತ್ತಿದ್ದವು, ಎಳೆಯುತ್ತಿದ್ದವು. “ಬಂತು.” ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತ ತಮ್ಮನ ಹೆಂಡತಿಗೆ ಕಿಟಕಿಯಿಂದ ಆ ಮಾತು ಕೇಳಿಸುತ್ತಿದ್ದರೆ ಜೀವಕ್ಕೆ ನೆಮ್ಮದಿ. ಕೇಳಿಸದಿದ್ದರೆ ಎದ್ದು ಹೋಗಿ ನೋಡುವಳು. ಹಾಸುಗಾರನೂ ಸಂಜೆ ಗಾಡಿ ನಿಲ್ಲಿಸಿದವನು ಮೊದಲು ಮಾಡುತ್ತಿದ್ದ ಕೆಲಸ ಗೋಡೆಗೆ ಕಿವಿಗೊಡುವುದು. “ಬಂತು” ಕೇಳಿಸಿದರೆ ಅಕ್ಕ ಇನ್ನೂ ಇದ್ದಾಳೆ ಅಂತ ಲೆಕ್ಕ.

ಅಂಗಳ ಎಷ್ಟು ದೊಡ್ಡದಿದ್ದೀತು? ಕಿತ್ತು ಕಿತ್ತು ಕಳೆಯೇ ಮುಗಿಯಿತು. ಆಗ ಬೇರಕ್ಕ ಖಾಲಿ ಮಣ್ಣಿನ ಮುಂದೆ ಕೈ ಚಾಚಿಕೊಂಡು, ಏನೋ ಕಳೆದುಹೋದವಳ ಹಾಗೆ ಸುತ್ತ ನೋಡುತ್ತಿದ್ದಳು. ತಮ್ಮನ ಹೆಂಡತಿ ಜಾಣೆ. ಯಾರಿಗೂ ಹೇಳದೆ ಸಂಜೆ ಹೊತ್ತು ಮಣ್ಣಿಗೆ ನೀರು ಹಾಕತೊಡಗಿದಳು, ರಸ್ತೆಬದಿಯ ಒಣಗಿದ ಕಳೆಗಿಡಗಳ ಬೀಜ ಉದುರಿಸಿಕೊಂಡು ಬಂದು ಅಂಗಳಕ್ಕೆ ಎರಚಿದಳು. ಜನ ಹೂವಿನ ಬೀಜ ಹಾಕುತ್ತಾರೆ, ಇವಳು ಕಳೆ ಬಿತ್ತಿದಳು. ಅಕ್ಕನಿಗೆ ಕೆಲಸ ಸಿಕ್ಕಿತು.

ನೀರು ಬಿದ್ದ ಮೇಲೆ ಕೆಸರಾಗದೆ ಇದ್ದೀತೇ? ಅದರ ಜೊತೆಗೆ ಸಾಹೇಬ. ಸಾಹೇಬ ಅಂದರೆ ನಾಯಿ. ಯಾರೋ ಗಿರಾಕಿ ಮನೆ ಖಾಲಿ ಮಾಡುವಾಗ ‘ಒಂದು ವಾರ ನೋಡಿಕೊಳ್ಳಿ’ ಅಂತ ಬಿಟ್ಟು ಹೋದವರು ಮತ್ತೆ ಮುಖ ತೋರಿಸಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಮಲಗುವ ಅದರ ಠೀವಿಗೆ ಬೇರಕ್ಕನೇ ಇಟ್ಟ ಹೆಸರು ಅದು, ಅವಳಿಗೆ ಹೆಸರಿಡಲು ಬರುತ್ತಿದ್ದ ಕಾಲದಲ್ಲಿ. ಮೆತ್ತಗಾದ ಮಣ್ಣು ಕಂಡ ಸಾಹೇಬ ಗುಂಡಿ ತೋಡಿತು. ಬೇರಕ್ಕ ಕಾಲಿಟ್ಟಳು, ಮಗುಚಿ ಬಿದ್ದಳು. ಮಣಿಕಟ್ಟಿನ ಮೂಳೆ ಮುರಿಯಿತು, ಹಣೆ ಊದಿಕೊಂಡಿತು. ಎತ್ತಿ ತರುವಾಗ ನೋಡಿದರೆ ಬಾಯಿಯ ತುಂಬ ಮಣ್ಣು. ಬಿದ್ದಾಗ ಹೋದದ್ದೋ, ತಾನೇ ಹಾಕಿಕೊಂಡದ್ದೋ, ದೇವರಿಗೇ ಗೊತ್ತು. ಹಾಸುಗಾರ ಬೆರಳು ಹಾಕಿ ಆ ಮಣ್ಣು ತೆಗೆದ. ತನ್ನ ಬಾಯಿ ಒರೆಸಿ ಬೆಳೆಸಿದ ಅಕ್ಕನ ಬಾಯಿ ಒರೆಸುವಾಗ ಗಂಡಸು ಗೊಳೋ ಎಂದು ಅತ್ತ.

ಅತ್ತು ಮುಗಿದ ಮೇಲೆ ನಿರ್ಧಾರ ಮಾಡಿದ.

“ಹಾಸಿಬಿಡ್ತೀನಿ” ಅಂದ ಹೆಂಡತಿಗೆ.

“ಏನು?”

“ನಮ್ಮ ಅಂಗಳಕ್ಕೂ ಹುಲ್ಲು. ಗುಂಡಿ ಇಲ್ಲ, ಕೆಸರಿಲ್ಲ. ಬಿದ್ದರೂ ಮೆತ್ತಗಿರುತ್ತೆ. ದಿನಾ ನೀನು ಅವಳ ಕೈಕಾಲು ಉಜ್ಜಿ ಉಜ್ಜಿ ತೊಳೆಯೋದೂ ತಪ್ಪುತ್ತೆ.”

“ನಾನು ತೊಳೀತೀನಿ ರೀ, ಅದಕ್ಕೇನು. ಆಮೇಲೆ ಅಕ್ಕ ಏನು ಮಾಡ್ತಾರೆ?”

“ಕೂತಿರ್ತಾಳೆ. ಹಸಿರು ನೋಡ್ಕೊಂಡು.”

“ಅಕ್ಕ ಯಾವತ್ತು ಸುಮ್ನೆ ಕೂತಿದ್ರು?”

“ಊರವರ ನಾಯಿಗೆಲ್ಲ ಹಾಸಿದ್ದೀನಿ. ನನ್ನ ಅಕ್ಕನಿಗೆ ಹಾಸಬಾರದಾ?” ಅಂತ ಅವನು ಗದರಿದ. ಪ್ರೀತಿಯಿಂದ ಹಟ ಹಿಡಿದವನಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ಜನ ಇದ್ದಾರೆ, ಅವರೆಲ್ಲ ಕೆಟ್ಟವರೇನಲ್ಲ.

ಬೇರಕ್ಕನ ಕೈಗೆ ಪಟ್ಟಿ ಹಾಕಿ ಒಳಗಿನ ಕೋಣೆಯಲ್ಲಿ ಮಲಗಿಸಿದ್ದಾಗಲೇ ಕೆಲಸ ಮುಗಿಸಿದ. ಕಳೆಯನ್ನು ತಾನೇ ಕಿತ್ತ. ಮೇಲೆ ಮೇಲೆ ಕಿತ್ತ. ಅವನ ಬೆರಳಿಗೆ ಆ ವಿದ್ಯೆ ಎಲ್ಲಿತ್ತು? ಜೇಕಿನ ಗೆಡ್ಡೆ ಒಳಗೇ ಉಳಿದವು. ಇರಲಿ, ಬಟ್ಟೆ ಇದೆಯಲ್ಲ ಅಂದುಕೊಂಡ. ಮಣ್ಣಿನ ಮೇಲೆ ಕಪ್ಪು ಬಟ್ಟೆ ಹಾಸಿದ. ಜಲ್ಲಿ, ಕಲ್ಲುಪುಡಿ ಹಾಕಿ ಯಂತ್ರದಲ್ಲಿ ಕುಟ್ಟಿಸಿದ. ಆಮೇಲೆ ಹುಲ್ಲಿನ ಸುರುಳಿ ಎತ್ತಿಕೊಂಡವನು ಬಿಚ್ಚದೆ ಕೆಳಗಿಟ್ಟ. ಅಕ್ಕನ ಬೆರಳು ಅವನಿಗೆ ಗೊತ್ತು. ಹುಲ್ಲಿನ ಎರಡು ಹಾಳೆ ಸೇರುವ ಜಾಗ ಎಲ್ಲಿದ್ದರೂ ಅವು ಹುಡುಕಿ ಒಳಗೆ ನುಗ್ಗುತ್ತವೆ, ಜಲ್ಲಿ ಕೆರೆದು ಉಗುರು ಕಿತ್ತುಕೊಳ್ಳುತ್ತವೆ. ಅದಾಗಬಾರದು. ಹಾಗಾಗಿ ಜಲ್ಲಿಯ ಮೇಲೂ ಇನ್ನೊಂದು ಕಪ್ಪು ಬಟ್ಟೆ ಬಿಗಿದು, ಒತ್ತೊತ್ತಾಗಿ ಮೊಳೆ ಹೊಡೆದು, ಅದರ ಮೇಲೆ ಹುಲ್ಲು ಅಂಟಿಸಿದ.

“ಬಟ್ಟೆ ಮೇಲೆ ಹಾಕ್ತಿದ್ದೀಯಲ್ಲಣ್ಣ, ನಾತ ಬರಲ್ವಾ?” ಅಂದ ಯಂತ್ರದವನು.

“ಇರೋದು ಒಂದೇ ನಾಯಿ. ದಿನಾ ನೀರು ಬಿಟ್ಟರಾಯ್ತು.”

ಯಾವ ತಪ್ಪಿಗೆ ಅಕ್ಕ ಕಿವಿ ಹಿಂಡಿದ್ದಳೋ ಅದೇ ತಪ್ಪನ್ನು ಅವಳಿಗೋಸ್ಕರ, ಗೊತ್ತಿದ್ದೂ ಮಾಡಿದ. ಕೆಲಸ ಮಾತ್ರ ಅವನ ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಆಗಿರಲಿಲ್ಲ. ಎಲ್ಲಿ ಜೋಡಿಸಿದ್ದಾನೆ ಅನ್ನುವುದೇ ಕಾಣುತ್ತಿರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಅಕ್ಕನ ಭುಜ ಹಿಡಿದು ಹೊರಗೆ ಕರೆತಂದ. “ನೋಡಕ್ಕ, ನಿನಗೇ ಹಾಸಿದ್ದು” ಅಂದ. ಬೇರಕ್ಕ ಹಸಿರು ಕಂಡು ಮುಖ ಅರಳಿಸಿದಳು. ಅಷ್ಟೊಂದು ಕಳೆ ಒಟ್ಟಿಗೆ ಅವಳು ಯಾವತ್ತೂ ಕಂಡಿರಲಿಲ್ಲವೇನೋ! ಕುಕ್ಕರುಗಾಲಲ್ಲಿ ಕೂತಳು. ಬೆರಳು ಬುಡಕ್ಕೆ ಹೋದವು, ತಿರುಚಿದವು, ಕಾದವು, ಎಳೆದವು.

ಬರಲಿಲ್ಲ.

ಪಕ್ಕದ್ದನ್ನು ಹಿಡಿದಳು. ಅದೂ ಬರಲಿಲ್ಲ. ಎಸಳು ಬಾಗಿ ಬೆರಳಿನಿಂದ ಜಾರಿ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಬೇರಕ್ಕ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು. ಮೂಳೆ ಮುರಿದ ಕೈ ಅಲ್ಲವೇ, ತಪ್ಪು ಕೈಯದೇ ಇರಬೇಕು ಅನ್ನಿಸಿತೋ ಏನೋ, ಇನ್ನೊಂದು ಕೈ ಹಾಕಿದಳು. ಅದೂ ಸೋತಿತು. ಅಂದು ಸಂಜೆಯವರೆಗೆ ಎಳೆದಳು, ಮರುದಿನವೂ ಎಳೆದಳು. ಒಮ್ಮೆಯೂ “ಬಂತು” ಅನ್ನಲಿಲ್ಲ. ಬಿಸಿಲೇರಿದರೆ ಪ್ಲಾಸ್ಟಿಕ್ಕು ಕಾದು ಸಾಹೇಬನೇ ಕಾಲಿಡಲು ಹಿಂಜರಿಯುತ್ತಿತ್ತು, ಬೇರಕ್ಕ ಏಳುತ್ತಿರಲಿಲ್ಲ. ತಮ್ಮನ ಹೆಂಡತಿ ಬಿಂದಿಗೆ ನೀರು ತಂದು ಅವಳ ಸುತ್ತ ಸುರಿದು ತಂಪು ಮಾಡುವಳು. ಎರಡೂ ಕೈಯ ಹೆಬ್ಬೆರಳ ತುದಿ ಸಿಪ್ಪೆ ಸುಲಿದು ರಕ್ತ ಜಿನುಗಿತು. ಬಟ್ಟೆ ಸುತ್ತಿದರೆ ಆ ಬಟ್ಟೆಯನ್ನು ಕಿತ್ತು ಹಾಕಿ ಮತ್ತೆ ಎಳೆಯುವಳು. ಅವಳ ಹಣೆಯಲ್ಲಿ ಬಂದ ಗಂಟು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

“ರೀ, ಒಂದು ಮೂಲೆ ಆದ್ರೂ ತೆಗೀರಿ. ಸ್ವಲ್ಪ ಮಣ್ಣು ಕಾಣಲಿ” ಅಂದಳು ಹೆಂಡತಿ.

“ಮತ್ತೆ ಬಾಯಿಗೆ ಮಣ್ಣು ಹಾಕ್ಕೊಳ್ಳಲಿ ಅಂತಲಾ? ನಾಲ್ಕು ದಿನ ಹೋಗಲಿ, ಸರಿಹೋಗ್ತಾಳೆ.”

ನಾಲ್ಕು ದಿನವಲ್ಲ, ಎಷ್ಟೋ ದಿನ ಹೋದವು. ಎಳೆಯುವುದು ನಿಧಾನವಾಯಿತು. ಆಮೇಲೆ ಒಂದು ದಿನ ಬೇರಕ್ಕ ಹುಲ್ಲಿನ ಮೇಲೆ ಕೂತು ಎಳೆಯದೆ, ಅಂಗೈಯಿಂದ ಅದನ್ನು ಸುಮ್ಮನೆ ಸವರುತ್ತಿದ್ದಳು. ಮಲಗಿದ ದನದ ಮೈ ಸವರಿದ ಹಾಗೆ, ಅತ್ತ ಇತ್ತ. ಕೆಲಸದಿಂದ ಬಂದ ಹಾಸುಗಾರ ಅದನ್ನು ಕಂಡು ಹಿಗ್ಗಿದ.

“ನೋಡು, ಒಗ್ಗಿಕೊಂಡಳು. ನಾನು ಹೇಳಿರಲಿಲ್ವಾ?”

ಹೆಂಡತಿ ಹೊಲಿಗೆ ನಿಲ್ಲಿಸಿದಳು. “ಒಗ್ಗಿಕೊಂಡಿಲ್ಲ ರೀ. ಸೋತುಬಿಟ್ಟಿದ್ದಾರೆ” ಅಂದಳು.

ಅಲ್ಲಿಂದ ಮುಂದೆ ಬೇರಕ್ಕ ಇಳಿಯುತ್ತಾ ಹೋದಳು. ಚಮಚ ಹಿಡಿಯುವುದು ಮರೆತಳು. ಗುಂಡಿ ಹಾಕಿಕೊಳ್ಳುವುದು ಮರೆತಳು. ಮಾತು ನಿಂತಿತು. ಕೈಗಳು ತೊಡೆಯ ಮೇಲೆ ಬೇರೆಯವರ ಸಾಮಾನಿನ ಹಾಗೆ ಬಿದ್ದಿರುತ್ತಿದ್ದವು. ರೋಗದ ದಾರಿಯೇ ಹಾಗೆ, ಹುಲ್ಲು ಹಾಸದಿದ್ದರೂ ಹೀಗೇ ಆಗುತ್ತಿತ್ತೋ ಏನೋ. ಡಾಕ್ಟರೂ ಅದನ್ನೇ ಅಂದರು. ಹಾಗಂದುಕೊಂಡು ನಿದ್ದೆ ಮಾಡುವವರು ಮಾಡಬಹುದು. ಹಾಸುಗಾರನಿಗೆ ಆಗಲಿಲ್ಲ. ಸಂಜೆ ಗಾಡಿ ನಿಲ್ಲಿಸಿ ಗೋಡೆಗೆ ಕಿವಿಗೊಡುವ ಅಭ್ಯಾಸ ಬಿಟ್ಟಿರಲಿಲ್ಲ. ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ.

ಕೊನೆಗೆ ನಾತ ಶುರುವಾಯಿತು. ಸಾಹೇಬನ ಉಚ್ಚೆ ಮೇಲಿನ ಬಟ್ಟೆಯಲ್ಲಿ ನಿಂತು ಕೊಳೆತು, ನೀರು ಬಿಟ್ಟರೂ ಹೋಗದೆ, ಕಿಟಕಿ ಮುಚ್ಚಿದರೂ ಬಿಡದೆ ಮನೆಯೆಲ್ಲ ಹಬ್ಬಿತು. ಹೊಲಿಸಲು ಬಂದವರು ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ಬಟ್ಟೆ ಕೊಟ್ಟು ಹೋಗತೊಡಗಿದರು. ಮಾಡಿದ್ದುಣ್ಣೋ ಮಹಾರಾಯ! ಹಾಸುಗಾರ ಚಾಕು, ಸಲಾಕೆ ಹಿಡಿದು ಗೋಡೆಬದಿಯ ಮೂಲೆಯಿಂದ ಹುಲ್ಲು ಎಬ್ಬಿಸಲು ಕೂತ. ಮೊಳೆ ಒಂದೊಂದೂ ಕಿರುಗುಡುತ್ತಾ ಬಂತು. ಎಷ್ಟು ಒತ್ತೊತ್ತಾಗಿ ಹೊಡೆದಿದ್ದೆನಪ್ಪ ಅಂತ ತನಗೆ ತಾನೇ ಬೈದುಕೊಂಡ. ಮೇಲಿನ ಬಟ್ಟೆ ಎತ್ತಿದ.

ಅಡಿಯಲ್ಲಿ ಜೇಕು ಇತ್ತು.

ಉಳಿದುಹೋದ ಗೆಡ್ಡೆ ಮೊಳೆತು, ಕೆಳಗಿನ ಬಟ್ಟೆ ಚುಚ್ಚಿ, ಕುಟ್ಟಿದ ಜಲ್ಲಿಯ ಸಂದಿನಲ್ಲಿ ನುಸುಳಿ ಮೇಲೆ ಬಂದು, ಮೇಲಿನ ಬಟ್ಟೆಗೆ ತಲೆ ತಗಲಿಸಿತ್ತು. ಅದನ್ನು ಚುಚ್ಚಲು ಬಲ ಸಾಲದೆ, ಕತ್ತಲಲ್ಲೇ ಅಡ್ಡಡ್ಡ ಹೊರಳಿಕೊಂಡು ಬೆಳೆದಿತ್ತು, ಬೆಳ್ಳಗೆ, ರಕ್ತವಿಲ್ಲದ ಹಾಗೆ. ಜೀವಮಾನವಿಡೀ ಜೇಕು ಕಂಡರೆ ಹಲ್ಲು ಕಡಿಯುತ್ತಿದ್ದ ಹಾಸುಗಾರ ಅದನ್ನು ಮುಟ್ಟದೆ, ಬಗ್ಗಿ ನೋಡಿದ. ಬದುಕಿತ್ತು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಹೆಂಡತಿಯನ್ನು ಕೂಗಿ ಕರೆದ.

“ಜೇಕು ಕಣೇ! ಜೇಕು ಬಂದಿದೆ!”

ಆ ಮೂಲೆಯ ಹುಲ್ಲು, ಬಟ್ಟೆ, ಜಲ್ಲಿ ಎಲ್ಲ ತೆಗೆದು ಹಾಕಿದ. ಉಳಿದ ಕಡೆ ನಾತದ ಬಟ್ಟೆಯನ್ನಷ್ಟೇ ಕಿತ್ತು ಹುಲ್ಲು ಮತ್ತೆ ಹಾಸಿದ. ಎಲ್ಲಿಂದಲೋ ಒಳ್ಳೆಯ ಮಣ್ಣು ತಂದು ಜೇಕಿನ ಬುಡಕ್ಕೆ ಏರಿಸಿದ. ಸಾಹೇಬ ಕೆದರದಂತೆ ಸುತ್ತ ಇಟ್ಟಿಗೆ ಇಟ್ಟ. ಗಂಡ ಹೆಂಡತಿ ಇಬ್ಬರೂ ಸೇರಿ ಆ ಕಳೆಗೆ ನೀರು ಹಾಕಿದರು. ಬೆಳ್ಳಗಿದ್ದದ್ದು ಬಿಸಿಲು ಕಂಡು ಹಸಿರಾಯಿತು, ನೆಟ್ಟಗಾಯಿತು. ಗುಲಾಬಿಗೂ ಯಾರೂ ಅಷ್ಟು ಆರೈಕೆ ಮಾಡಿರಲಾರರು. ಕೀಳಲು ಹದವಾಗಿದೆ ಅನ್ನಿಸಿದ ದಿನ ಬೆಳಿಗ್ಗೆ ಹಾಸುಗಾರ ಕೆಲಸಕ್ಕೆ ಹೋಗಲಿಲ್ಲ. ಅಕ್ಕನಿಗೆ ಉಣ್ಣಿಸಿ, ಮುಖ ತೊಳೆಸಿ, ಎತ್ತಿಕೊಂಡಷ್ಟು ಹಗುರವಾಗಿ ಹಿಡಿದು ತಂದು ಆ ಮೂಲೆಯಲ್ಲಿ ಕೂರಿಸಿದ. ತಾನೂ ನೋಯುವ ಮೊಣಕಾಲೂರಿ ಎದುರು ಕೂತ. ಹೆಂಡತಿ ಬಾಗಿಲ ಹತ್ತಿರ ನಿಂತಳು.

“ಅಕ್ಕ, ನೋಡು. ಜೇಕು. ನಿನ್ನ ಶತ್ರು.”

ಬೇರಕ್ಕ ನೋಡಿದಳು. ಕಣ್ಣು ಅದರ ಮೇಲೆ ನಿಂತಿತು. ಕೈ ನಿಧಾನವಾಗಿ ತೊಡೆಯಿಂದ ಎದ್ದಿತು. ಕೈ ಜೇಕಿನ ತನಕ ಹೋಯಿತು. ಬುಡಕ್ಕೆ ಹೋಗಲಿಲ್ಲ. ಅಂಗೈ ಬಿಚ್ಚಿ ಅದರ ಎಸಳನ್ನು ಸವರಿತು, ಅತ್ತ ಒಮ್ಮೆ, ಇತ್ತ ಒಮ್ಮೆ.

“ಕೀಳಕ್ಕ” ಅಂದ. ಅವಳ ಹೆಬ್ಬೆರಳು ತೋರುಬೆರಳು ಹಿಡಿದು ತಾನೇ ಬುಡಕ್ಕೆ ಇಟ್ಟ. “ಎಳಿ. ಇದು ನಿಜವಾದ್ದು.”

ಬೆರಳು ಅವನು ಇಟ್ಟಲ್ಲೇ ಇದ್ದವು. ಬಹಳ ಕಾಲದಿಂದ ಮಾತಾಡದವಳ ತುಟಿ ಅಲುಗಾಡಿತು.

“ಬರಲ್ಲ” ಅಂದಳು.

“ಬರುತ್ತೆ ಅಕ್ಕ. ಒಂದು ಸಲ ಎಳೆದು ನೋಡು, ನನ್ನಾಣೆ.”

“ಬರಲ್ಲ ಕಣೋ.”

ಚಿಕ್ಕಂದಿನಲ್ಲಿ ಅವನು ಆಕಾಶದ ಹಕ್ಕಿ ಬೇಕೆಂದು ರಚ್ಚೆ ಹಿಡಿದಾಗ ಅವಳು ಹೀಗೇ ಸಮಾಧಾನದಿಂದ ಹೇಳುತ್ತಿದ್ದಳು. ಹೇಳಿ ಬೆರಳು ಬಿಡಿಸಿಕೊಂಡಳು, ಮತ್ತೆ ಸವರತೊಡಗಿದಳು. ಹಾಸುಗಾರ ತಡೆಯಲಾರದೆ ತಾನೇ ಜೇಕಿನ ಬುಡ ಹಿಡಿದ. ಅವಳು ಮಾಡುತ್ತಿದ್ದ ಹಾಗೇ ತಿರುಚಿದ, ಕಾದ, ಎಳೆದ. ಗೆಡ್ಡೆಸಮೇತ ಇಡಿಯಾಗಿ ಬಂತು. ಅಂಗೈಯಲ್ಲಿಟ್ಟು ಅವಳ ಕಣ್ಣೆದುರು ಹಿಡಿದ. ಆ ಒಂದು ಮಾತಿಗಾಗಿ ಅವಳ ಬಾಯಿಯನ್ನೇ ನೋಡುತ್ತಾ ಕೂತ.

ಬೇರಕ್ಕ ಗೆಡ್ಡೆ ನೋಡಲಿಲ್ಲ. ತಮ್ಮನ ಅಂಗೈಗೆ ಮಣ್ಣು ಮೆತ್ತಿದ್ದು ಮಾತ್ರ ಅವಳಿಗೆ ಕಂಡಿತು. ತನ್ನ ಬಟ್ಟೆಯ ಅಂಚಿನಿಂದ ಅದನ್ನು ಒರೆಸಲು ಹೋದಳು. ಒರೆಸುವಾಗ ಗೆಡ್ಡೆ ಜಾರಿ ಪಕ್ಕದ ಪ್ಲಾಸ್ಟಿಕ್ ಹುಲ್ಲಿನ ಮೇಲೆ ಬಿತ್ತು.

ಹೊಸದೇನನ್ನೂ ಅವಳು ಕಲಿಯಲಾರಳು ಅಂದಿದ್ದರು ಡಾಕ್ಟರು. ಒಂದನ್ನು ಕಲಿತಿದ್ದಳು. ಬೆರಳು ಸುಲಿದು ರಕ್ತ ಬರುವವರೆಗೆ ದಿನಾ ಅಭ್ಯಾಸ ಮಾಡಿ ಕಲಿತಿದ್ದಳು, ಉಳಿದದ್ದೆಲ್ಲ ಮರೆತರೂ ಅದನ್ನು ಮರೆಯಲಿಲ್ಲ. ಕಲಿಸಿದವನು ಅವಳ ಮುಂದೆ ಮಂಡಿಯೂರಿ ಕೂತಿದ್ದ. ಅವಳು ಅವನ ಕೈ ಒರೆಸುತ್ತಲೇ ಇದ್ದಳು.